ನಮ್ಮೋರ ಜೊತೆ ಕಂಪನಿ ಕಟ್ಟುವುದು: ಪಾಲುದಾರ, ಕೆಲಸದವರು, ಮನೆ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಹೊಸ ಉದ್ಯಮಿಗಳಿಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರಲ್ಲಿ ಇಬ್ಬರು ಪಾಲುದಾರರು ಜಗಳಾಡಿ ಬೇರೆಯಾದರೆ ಒಬ್ಬ ವೈಟ್‌ಫೀಲ್ಡ್ ಕಡೆ, ಇನ್ನೊಬ್ಬ ಜಯನಗರದ ಕಡೆ ಹೋಗಿಬಿಡುತ್ತಾರೆ. ಮತ್ತೆ ಮುಖ ನೋಡುವ ಪ್ರಸಂಗ ಬರುವುದಿಲ್ಲ. ಗಂಗಾವತಿಯಲ್ಲೋ ಸಿಂಧನೂರಲ್ಲೋ ಹಾಗಲ್ಲ. ಬೇರೆಯಾದ ಮೇಲೂ ಅದೇ ಎಪಿಎಂಸಿ, ಅದೇ ಬ್ಯಾಂಕಿನ ಶಾಖೆ, ಅದೇ ಹುಲಿಗೆಮ್ಮನ ಜಾತ್ರೆ, ಮದುವೆ ಮನೆಯಲ್ಲಿ ಅದೇ ಊಟದ ಪಂಕ್ತಿ. ಯಾಕೆಂದರೆ ಪಾಲುದಾರ ಹೆಚ್ಚಿನ ಸಲ ಚಿಕ್ಕಪ್ಪನ ಮಗ, ಇಲ್ಲವೆ ಭಾಮೈದ, ಇಲ್ಲವೆ ಹೈಸ್ಕೂಲಿನಿಂದ ಜೊತೆಗಿದ್ದ ಗೆಳೆಯ. "ನಮ್ಮ ನಮ್ಮೊಳಗ ಎಂಥಾ ಕಾಗದ-ಪತ್ರರಿ?" ಅನ್ನುವ ಮಾತು ಇಲ್ಲಿಂದಲೇ ಹುಟ್ಟುತ್ತದೆ. ನನ್ನ ವಾದ ಇದಕ್ಕೆ ಉಲ್ಟಾ. ಜೀವಮಾನವಿಡೀ ಎದುರಾಗುತ್ತಲೇ ಇರುವವರ ಜೊತೆ ವ್ಯವಹಾರ ಮಾಡುವಾಗಲೇ ಎಲ್ಲವನ್ನೂ ಬರೆದಿಡಬೇಕು, ಅದರಲ್ಲೂ ಬೇರೆಯಾಗುವ ದಾರಿಯನ್ನು ಮೊದಲ ದಿನವೇ ಬರೆದಿಡಬೇಕು.

ಸಣ್ಣ ಫರ್ಮುಗಳ ಲೆಕ್ಕಪತ್ರ, ಜಿಎಸ್‌ಟಿ ನೋಡಿಕೊಳ್ಳುವುದು ಬಳ್ಳಾರಿಯಲ್ಲಿ ನನ್ನ ಕೆಲಸ. ಜೀನ್ಸ್ ಹೊಲಿಸಿ ಆನ್‌ಲೈನಲ್ಲಿ ಮಾರುವ ಹುಡುಗರು, ಕಾರಟಗಿಯ ಅಕ್ಕಿಗೆ ಬ್ರ್ಯಾಂಡ್ ಕಟ್ಟಲು ಹೊರಟವರು, ಕಿನ್ನಾಳದ ಗೊಂಬೆಗೆ ವೆಬ್‌ಸೈಟ್ ಮಾಡುವವರು, ಭತ್ತದ ಗದ್ದೆಗೆ ಡ್ರೋನಿನಿಂದ ಔಷಧಿ ಹೊಡೆಯುವವರು: ಸರಕು ಬೇರೆ ಬೇರೆ, ಸಿಕ್ಕಿಬೀಳುವ ಜಾಗಗಳು ಮಾತ್ರ ಅವೇ.

ಹಂತ 1: ಪಾಲುದಾರ ಬೇಕೇ ಬೇಕೇನು?

ಪಾಲುದಾರನನ್ನು ಮೂರು ಕಾರಣಕ್ಕೆ ಸೇರಿಸಿಕೊಳ್ಳುತ್ತಾರೆ. ದುಡ್ಡಿಗೆ, ಕಸುಬಿಗೆ, ಧೈರ್ಯಕ್ಕೆ. ದುಡ್ಡು ಮಾತ್ರ ಬೇಕಿದ್ದರೆ ಮೊದಲು ಬ್ಯಾಂಕಿಗೆ ಹೋಗಿ. ಸಣ್ಣ ಉದ್ದಿಮೆಗೆ ಅಡಮಾನವಿಲ್ಲದೆ ಸಾಲ ಕೊಡುವ ಬ್ಯಾಂಕಿಗೆ ಖಾತರಿ ನಿಲ್ಲುವ ಸಿಜಿಟಿಎಂಎಸ್‌ಇ ವ್ಯವಸ್ಥೆ 2000ನೇ ಇಸವಿಯಿಂದ ಇದೆ. ಮುದ್ರಾ ಸಾಲ 2015ರಿಂದ ಇದೆ. ಉದ್ಯಮ್ ನೋಂದಣಿ ಆನ್‌ಲೈನಲ್ಲಿ ಪುಕ್ಕಟೆ ಆಗುತ್ತದೆ, ಅದಕ್ಕೆ ಯಾರಿಗೂ ಕಾಸು ಕೊಡಬೇಡಿ. ಬ್ಯಾಂಕಿನ ಸಾಲ ಒಂದು ದಿನ ತೀರುತ್ತದೆ, ಪಾಲುದಾರನ ಪಾಲು ತೀರುವುದಿಲ್ಲ. ಧೈರ್ಯಕ್ಕಾದರೆ ಗೆಳೆಯ ಗೆಳೆಯನಾಗಿಯೇ ಇರಲಿ. ಸಂಜೆ ಒಗ್ಗಾಣಿ-ಮಿರ್ಚಿ ತಿನ್ನುತ್ತ ಮಾತಾಡಿದರೆ ಸಾಕು.

ನಿಮಗಿಲ್ಲದ, ಸಂಬಳಕ್ಕೂ ಸಿಗದ, ದಿನಾ ಬೇಕಾಗುವ ಕಸುಬು ಯಾರ ಹತ್ತಿರ ಇದೆಯೋ ಅವರನ್ನೇ ಪಾಲುದಾರರಾಗಿ ಮಾಡಿಕೊಳ್ಳಿ.

ಇನ್ನೊಂದು ಮಾತು. ಸರ್ಕಾರಿ ನೌಕರಿಯಲ್ಲಿರುವ ಗೆಳೆಯ "ನನ್ನ ಹೆಸರು ಬ್ಯಾಡ, ಹೆಂಡತಿ ಹೆಸರು ಹಾಕು, ನಾನು ಹಿಂದಿರ್ತೀನಿ" ಅನ್ನುವುದು ನಮ್ಮ ಕಡೆ ಮಾಮೂಲಿ. ನಡತೆ ನಿಯಮಗಳ ಪ್ರಕಾರ ಸರ್ಕಾರಿ ನೌಕರ ಅನುಮತಿ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ. ಯಾರೋ ಒಂದು ಅರ್ಜಿ ಬರೆದರೆ ಅವರ ನೌಕರಿಗೂ ಕುತ್ತು, ನಿಮ್ಮ ಫರ್ಮಿಗೂ ಕುತ್ತು. ಮೇಲಾಗಿ ಹಿಂದೆ ಇರುವವರ ಜೊತೆಗಿನ ಒಪ್ಪಂದವನ್ನು ಕಾಗದದ ಮೇಲೆ ತರಲಿಕ್ಕೇ ಬರುವುದಿಲ್ಲ. ಬಿಟ್ಟುಬಿಡಿ.

ಹಂತ 2: ಡೀಡು (ಪಾಲುದಾರಿಕೆ ಪತ್ರ) ಬರೆಯುವ ಮುಂಚೆ ಒಂದು ಸೀಸನ್ನು ಜೊತೆಗೆ ದುಡಿಯಿರಿ

ಒಂದು ಸಣ್ಣ ಆರ್ಡರು ಹಿಡಿದು, ಸರಕು ತರುವುದರಿಂದ ಕೊನೇ ಬಿಲ್ಲಿನ ದುಡ್ಡು ವಸೂಲಿಯಾಗುವವರೆಗೆ ಇಬ್ಬರೂ ಸೇರಿ ಮುಗಿಸಿ. ಉದ್ರಿ ವಸೂಲಿಗೆ ಹೋದಾಗ ಮನುಷ್ಯ ಹೇಗೆ ಮಾತಾಡುತ್ತಾನೆ, ಹಮಾಲರ ಮೇಲೆ ರೇಗುತ್ತಾನೋ ಇಲ್ಲವೋ, ಖರ್ಚಿನ ಚೀಟಿ ತಾನಾಗಿಯೇ ತಂದುಕೊಡುತ್ತಾನೋ ಇಲ್ಲವೋ ಅನ್ನುವುದೆಲ್ಲ ಆಗ ಗೊತ್ತಾಗುತ್ತದೆ.

ಆ ಸೀಸನ್ನು ಮುಗಿದ ಮೇಲೆ ಕೂತು ಮೂರು ವಿಷಯ ಕೇಳಿ. ಹೊರಗೆ ಎಷ್ಟು ಸಾಲ ಇದೆ? ಮನೆಯಲ್ಲಿ ನಿನ್ನ ದುಡಿಮೆಯ ಮೇಲೆ ಎಷ್ಟು ಜನ ನಿಂತಿದ್ದಾರೆ, ಮುಂದಿನ ಎರಡು ವರ್ಷದಲ್ಲಿ ತಂಗಿಯ ಮದುವೆಯಂಥ ದೊಡ್ಡ ಖರ್ಚು ಏನಿದೆ? ಬೆಂಗಳೂರಿಂದ ಒಳ್ಳೇ ಸಂಬಳದ ನೌಕರಿ ಬಂದರೆ ಏನು ಮಾಡುತ್ತೀ? ಮೂರನೆಯದಕ್ಕೆ "ಹೋಗೋದೇ ಇಲ್ಲ" ಅಂದರೆ ನಂಬಬೇಡಿ, "ಹೋಗಬಹುದು" ಅಂದವನನ್ನು ನಂಬಿ. ಸಾಲದ ವಿಷಯಕ್ಕೆ ಬಾಯಿಮಾತು ಸಾಲದು. ಯಾರ ಸಾಲ ಹೇಗೆ ತೀರುತ್ತಿದೆ ಎಂದು ದಾಖಲೆ ಇಡುವ ಸಿಬಿಲ್‌ನಂಥ ಪ್ರತಿ ಸಂಸ್ಥೆಯೂ ವರ್ಷಕ್ಕೊಂದು ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಇಬ್ಬರೂ ತೆಗೆಸಿ, ಅದಲು ಬದಲು ಮಾಡಿ ಓದಿ. ಒಬ್ಬನ ಹಳೇ ಬೈಕ್ ಸಾಲದ ಕಂತು ತಪ್ಪಿದ್ದರೆ ನಾಳೆ ಫರ್ಮಿನ ಸಾಲದ ಅರ್ಜಿಯೂ ಅಲ್ಲೇ ನಿಲ್ಲುತ್ತದೆ.

ಕಷ್ಟ ಬರುವುದು ಪಾಲುದಾರ ವಯಸ್ಸಿನಲ್ಲಿ ದೊಡ್ಡವನಾಗಿದ್ದಾಗ. ದುಡ್ಡು ಸೋದರಮಾವನದು, ಕಸುಬು ಅಳಿಯನದು. ಮಾವನ ಮುಂದೆ ಕೂತು "ಈ 40 ಸಾವಿರ ಎಲ್ಲಿ ಹೋಯ್ತು?" ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಕೇಳದೆ ಬಿಟ್ಟದ್ದು ಒಳಗೇ ಕೊಳೆತು ಒಂದು ದಿನ ನಾಲ್ಕು ಜನರ ಮುಂದೆ ಹೊರಬೀಳುತ್ತದೆ. ಇದಕ್ಕೆ ಉಪಾಯ, ಕೇಳುವ ಕೆಲಸವನ್ನೇ ಮೂರನೆಯವರಿಗೆ ಒಪ್ಪಿಸುವುದು. ಶುರುವಿನಲ್ಲೇ ಹೇಳಿ: "ಮಾವಾ, ಬ್ಯಾಂಕಿನೋರು ತಿಂಗಳ ತಿಂಗಳ ಲೆಕ್ಕ ಕೇಳ್ತಾರ. ಹತ್ತನೇ ತಾರೀಖಿಗೆ ಆಡಿಟರ್ ಆಫೀಸಿನ ಹುಡುಗ ಬಂದು ಓದಿ ಹೇಳಲಿ, ಇಬ್ಬರೂ ಕುಂತು ಕೇಳೋಣ್ರಿ." ಆಮೇಲೆ ಹಮ್ಮು ಬಿಮ್ಮಿನ ಪ್ರಶ್ನೆ ಏಳುವುದಿಲ್ಲ. ಲೆಕ್ಕ ಓದಿಸಲು ತಿಂಗಳಿಗೆ ಒಂದೆರಡು ಸಾವಿರ ಖರ್ಚಾದೀತು. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಸಲಹೆ ಪಾಲಿಸುವಿರಾದರೆ ಇದನ್ನೇ ಪಾಲಿಸಿ ಅನ್ನುತ್ತೇನೆ.

ಹಂತ 3: ದುಡ್ಡಿನ ಪಾಲು, ದುಡಿಮೆಯ ಪಾಲು

ಗಂಗಾವತಿಯಲ್ಲಿ ಇಬ್ಬರು ಸೇರಿ ಡ್ರೋನ್ ಸಿಂಪಡಣೆಯ ಫರ್ಮು ಶುರು ಮಾಡುತ್ತಾರೆ ಅಂದುಕೊಳ್ಳಿ. ಒಬ್ಬನಿಗೆ ಗೊಬ್ಬರದ ಅಂಗಡಿ ಇದೆ. 6 ಲಕ್ಷ ಹಾಕುತ್ತಾನೆ, ಅಂಗಡಿ ಬಿಡುವುದಿಲ್ಲ. ಇನ್ನೊಬ್ಬ ವಿಮಾನಯಾನ ನಿಯಂತ್ರಕ ಡಿಜಿಸಿಎ ಮಾನ್ಯತೆಯ ಸಂಸ್ಥೆಯಲ್ಲಿ ಕಲಿತು ರಿಮೋಟ್ ಪೈಲಟ್ ಸರ್ಟಿಫಿಕೇಟ್ ಪಡೆದವನು. 1 ಲಕ್ಷ ಹಾಕಿ ಪೂರ್ತಿ ದಿನ ಗದ್ದೆಯಲ್ಲಿರುತ್ತಾನೆ. ಊರಿನ ರೂಢಿಯಲ್ಲಿ ಎರಡು ಮಾತು ಬರುತ್ತವೆ. "ದುಡ್ಡು ಹಾಕಿದಂಗ ಪಾಲು, ಆರಕ್ಕೊಂದು" ಅನ್ನುವುದು ಒಂದು. "ಗೆಳ್ಯಾರಾಗ ಏನೈತಿ, ಅರ್ಧ ಅರ್ಧ" ಅನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಬಿಸಿಲಲ್ಲಿ ನಿಂತವನು ಕೂಲಿಯಾಗುತ್ತಾನೆ. ಎರಡನೆಯದರಲ್ಲಿ 6 ಲಕ್ಷದವನ ಮನೆಯವರು ಒಂದು ವರ್ಷದ ನಂತರ ಗೊಣಗಲು ಶುರು ಮಾಡುತ್ತಾರೆ.

ಹೀಗೆ ಲೆಕ್ಕ ಹಾಕಿ. ದುಡಿಯುವವನಿಗೆ ಹೊರಗೆ 30,000 ಸಂಬಳ ಸಿಗುತ್ತಿತ್ತು. ಫರ್ಮಿನಿಂದ ತಿಂಗಳಿಗೆ 12,000 ಮಾತ್ರ ತೆಗೆದುಕೊಳ್ಳುತ್ತಾನೆ. ಬಿಟ್ಟುಕೊಟ್ಟದ್ದು ತಿಂಗಳಿಗೆ 18,000. ಎರಡು ವರ್ಷಕ್ಕೆ 4,32,000. ಅವನು ಹಾಕಿದ 1 ಲಕ್ಷ ಸೇರಿದರೆ 5,32,000. ಎದುರಿಗೆ 6,00,000. ಒಟ್ಟು 11,32,000ದಲ್ಲಿ ಅಂಗಡಿಯವನ ಪಾಲು ಸುಮಾರು ನೂರಕ್ಕೆ 53, ಪೈಲಟ್‌ನ ಪಾಲು 47. ಈಗ ಅಂಕಿ ಇಬ್ಬರ ಕಣ್ಣ ಮುಂದಿದೆ. ಯಾರಾದರೂ ತಕರಾರು ತೆಗೆದರೆ 30,000 ಸರಿಯೋ 25,000 ಸರಿಯೋ ಎಂಬುದರ ಮೇಲೆ ತೆಗೆಯುತ್ತಾರೆ. ಅದು ಮಾತಾಡಿ ಬಗೆಹರಿಸಬಹುದಾದ ಜಗಳ.

ಇನ್ನೂ ಸರಳ ದಾರಿಯೂ ಇದೆ. 6 ಲಕ್ಷವನ್ನು ಬಂಡವಾಳದ ಮೇಲಿನ ಬಡ್ಡಿಗೆ ಬಿಟ್ಟು, ಲಾಭದ ಪಾಲನ್ನು ಕೆಲಸ ಮತ್ತು ಜವಾಬ್ದಾರಿ ನೋಡಿ ಹಂಚುವುದು. ಪಾಲುದಾರಿಕೆ ಫರ್ಮು ತನ್ನ ಪಾಲುದಾರರಿಗೆ ಕೊಡುವ ಬಡ್ಡಿಯಲ್ಲಿ ವರ್ಷಕ್ಕೆ ನೂರಕ್ಕೆ 12ರವರೆಗೆ ಆದಾಯ ತೆರಿಗೆಯವರು ಖರ್ಚೆಂದು ಒಪ್ಪುತ್ತಾರೆ. ಬಡ್ಡಿಯಾಗಲಿ ಪಾಲುದಾರನ ಸಂಬಳವಾಗಲಿ, ಡೀಡಿನಲ್ಲಿ ಬರೆದಿದ್ದರೆ ಮಾತ್ರ. 2025ರ ಏಪ್ರಿಲ್ 1ರಿಂದ ಇನ್ನೊಂದು ಕೆಲಸ ಸೇರಿಕೊಂಡಿದೆ. ಒಬ್ಬ ಪಾಲುದಾರನಿಗೆ ವರ್ಷಕ್ಕೆ ಸಂಬಳ, ಬಡ್ಡಿ, ಕಮಿಷನ್ ಸೇರಿ 20,000 ದಾಟಿದರೆ ಫರ್ಮು ನೂರಕ್ಕೆ 10 ಟಿಡಿಎಸ್ (ಕೊಡುವಾಗಲೇ ಮುರಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯಬೇಕು. ಸಣ್ಣ ಫರ್ಮುಗಳು ಇದನ್ನು ಬಹಳ ಮರೆಯುತ್ತವೆ.

ಏನನ್ನೂ ಬರೆಯದಿದ್ದರೆ ಏನಾಗುತ್ತದೆ? 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಲಾಭದಲ್ಲಿ ಎಲ್ಲರಿಗೂ ಸಮಪಾಲು, ದುಡಿದವನಿಗೆ ಪ್ರತ್ಯೇಕ ಸಂಬಳ ಇಲ್ಲ. ಹಾಕಿದ ದುಡ್ಡು ಎಷ್ಟೇ ಇರಲಿ, ಮಾತು ಇಲ್ಲದ ಕಡೆ ಕಾಯ್ದೆಯ ಮಾತೇ ನಡೆಯುವುದು.

ಆಮೇಲೆ ಬೀಳುವ ದುಡ್ಡಿನ ಮಾತನ್ನೂ ಈಗಲೇ ಆಡಿ. ಬ್ಯಾಟರಿಗೆ ಮತ್ತೆ 2 ಲಕ್ಷ ಬೇಕಾಯಿತು, ಒಬ್ಬನೇ ಹಾಕಿದ. ಪಾಲು ಬದಲಾಗುತ್ತದೋ, ಅದು ಸಾಲವೋ? "ಸಾಲ" ಎಂದೇ ಬರೆದಿಡಿ, ಬೇರೆ ಒಪ್ಪಂದವಾಗುವವರೆಗೆ.

ಹಂತ 4: ಬಿಡುವ ದಾರಿ

ಪಾಲು ಒಂದೇ ದಿನ ಪೂರ್ತಿ ಕೈಗೆ ಬರಬಾರದು. ನಾಲ್ಕು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ ಬರಲಿ, ಮೊದಲ ವರ್ಷ ಮುಗಿಯುವುದರೊಳಗೆ ಬಿಟ್ಟವರಿಗೆ ಹಾಕಿದ ದುಡ್ಡು ಮಾತ್ರ ವಾಪಸ್. ಬೆಂಗಳೂರಿನ ಸ್ಟಾರ್ಟಪ್‌ಗಳಲ್ಲಿ ಇದಕ್ಕೆ ವೆಸ್ಟಿಂಗ್ ಅನ್ನುತ್ತಾರೆ, ನಮಗೂ ಇದು ಸರಿಯಾಗಿ ಹೊಂದುತ್ತದೆ. ಮೇಲಿನ ಪೈಲಟ್ 18 ತಿಂಗಳಿಗೆ ಬಿಟ್ಟರೆ ಅವನ 47ರಲ್ಲಿ 48 ತಿಂಗಳಿಗೆ 18 ತಿಂಗಳಿನಷ್ಟು ಭಾಗ, ಅಂದರೆ ಸುಮಾರು 17.6 ಪಾಲು ಅವನದು. ಉಳಿದದ್ದು ಫರ್ಮಿನಲ್ಲೇ ಉಳಿಯುತ್ತದೆ. ಪ್ರೈವೇಟ್ ಲಿಮಿಟೆಡ್ ಆದರೆ ಷೇರುದಾರರ ಒಪ್ಪಂದದಲ್ಲೂ ಕಂಪನಿಯ ನಿಯಮಾವಳಿಯಲ್ಲೂ ಇದನ್ನು ಬರೆಸಿ. ಫರ್ಮು ಅಥವಾ ಎಲ್‌ಎಲ್‌ಪಿ (ಪಾಲುದಾರರ ಹೊಣೆಗೆ ಮಿತಿ ಇರುವ ಪಾಲುದಾರಿಕೆ) ಆದರೆ ಡೀಡಿನಲ್ಲಿ.

ಬಿಟ್ಟುಹೋಗುವವನ ಪಾಲಿಗೆ ಬೆಲೆ ಕಟ್ಟುವ ಸೂತ್ರವನ್ನು ಮೊದಲೇ ಗೊತ್ತು ಮಾಡಿ. ಹೋದ ಮಾರ್ಚ್ 31ರ ಲೆಕ್ಕದಂತೆ ಆಸ್ತಿಯಲ್ಲಿ ಸಾಲ ಕಳೆದು ಉಳಿದದ್ದು, ಯಂತ್ರಗಳ ಬೆಲೆ ಸವಕಳಿ ಕಳೆದ ಮೇಲೆ. ದುಡ್ಡನ್ನು ಒಂದೇ ಸಲ ಕೇಳುವಂತಿಲ್ಲ, 12 ಅಥವಾ 18 ಕಂತು. ಇದಿಲ್ಲದಿದ್ದರೆ ಹೋಗುವವನ ಪಾಲು ತೀರಿಸಲಿಕ್ಕೆ ಡ್ರೋನೇ ಮಾರಬೇಕಾದೀತು.

ಹೋಗುವವನು ಎರಡು ಕೆಲಸ ಮರೆಯಬಾರದು. ಬ್ಯಾಂಕಿಗೆ ಕೊಟ್ಟ ವೈಯಕ್ತಿಕ ಗ್ಯಾರಂಟಿ, ಫರ್ಮು ಬಿಟ್ಟ ಮಾತ್ರಕ್ಕೆ ಬಿಡುವುದಿಲ್ಲ. ಬ್ಯಾಂಕು ಲಿಖಿತವಾಗಿ ಬಿಡುಗಡೆ ಮಾಡಬೇಕು. ಇನ್ನೊಂದು, ನಿವೃತ್ತನಾದ ಬಗ್ಗೆ ಸಾರ್ವಜನಿಕ ನೋಟಿಸ್ ಆಗುವವರೆಗೆ ಹೊರಗಿನವರ ಪಾಲಿಗೆ ಅವನು ಪಾಲುದಾರನೇ. ನೋಂದಾಯಿತ ಫರ್ಮಿನಲ್ಲಿ ಈ ನೋಟಿಸು ಫರ್ಮುಗಳ ರಿಜಿಸ್ಟ್ರಾರಿಗೆ ಹೋಗಬೇಕು, ರಾಜ್ಯಪತ್ರದಲ್ಲೂ ಸ್ಥಳೀಯ ಭಾಷೆಯ ಪತ್ರಿಕೆಯೊಂದರಲ್ಲೂ ಬರಬೇಕು.

ಸಾವಿನ ಮಾತು ಯಾರೂ ಆಡುವುದಿಲ್ಲ. ಆಡಲೇಬೇಕು. ಡೀಡಿನಲ್ಲಿ ಬೇರೆ ಏನೂ ಬರೆಯದಿದ್ದರೆ ಒಬ್ಬ ಪಾಲುದಾರ ತೀರಿಕೊಂಡ ದಿನವೇ ಫರ್ಮು ವಿಸರ್ಜನೆಯಾದಂತೆ ಎಂದು ಕಾಯ್ದೆ ಹೇಳುತ್ತದೆ. ಇಬ್ಬರೇ ಇದ್ದರೆ ಒಬ್ಬನಿಂದ ಫರ್ಮು ನಡೆಯುವುದೂ ಇಲ್ಲ. ಆಗ ಪಾಲು ಹೆಂಡತಿ-ಮಕ್ಕಳಿಗೆ ದುಡ್ಡಾಗಿ ಹೋಗಬೇಕೋ, ಅವರಲ್ಲೊಬ್ಬರು ಪಾಲುದಾರರಾಗಬೇಕೋ, ಬರೆಯಿರಿ. ಇಬ್ಬರೂ ಟರ್ಮ್ ಇನ್ಶೂರೆನ್ಸ್ ತೆಗೆದುಕೊಳ್ಳಿ. ದಿನಾ ಹೊಸಪೇಟೆ-ಕೊಪ್ಪಳ ಹೈವೇಯಲ್ಲಿ ಬೈಕು ಓಡಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊನೆಗೆ ಜಗಳ ಬಂದರೆ ಯಾರು ತೀರ್ಮಾನಿಸಬೇಕು? ಹಿರಿಯರ ಮುಂದೆ ಕೂತು ಬಗೆಹರಿಸುವ ಪದ್ಧತಿ ನಮ್ಮಲ್ಲಿದ್ದೇ ಇದೆ. ಅದಕ್ಕೇ ಕಾನೂನಿನ ಬಲ ಕೊಡಿ. 1996ರ ಮಧ್ಯಸ್ಥಿಕೆ ಕಾಯ್ದೆಯಂತೆ ಇಂಥವರೇ ಮಧ್ಯಸ್ಥರು ಎಂದು ಡೀಡಿನಲ್ಲಿ ಹೆಸರು ಬರೆಯಬಹುದು. ಆ ಹಿರಿಯರು ಇಬ್ಬರಲ್ಲಿ ಯಾರಿಗೂ ನೆಂಟರಾಗಿರಬಾರದು, ಇಬ್ಬರ ಜೊತೆಗೂ ವ್ಯವಹಾರ ಇರಬಾರದು. ಜಗಳ ಶುರುವಾದ ಮೇಲೆ ಅಂಥವರನ್ನು ಹುಡುಕಲು ಹೊರಟರೆ ಇಡೀ ತಾಲೂಕಿನಲ್ಲಿ ಒಬ್ಬರೂ ಸಿಗುವುದಿಲ್ಲ.

ಹಂತ 5: ಫರ್ಮೋ, ಎಲ್‌ಎಲ್‌ಪಿಯೋ, ಕಂಪನಿಯೋ

ಇದರ ಮೇಲೆ ಬಹಳ ಜನ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ, ಅಷ್ಟು ಬೇಕಿಲ್ಲ. ಸಾಲವೂ ಅಪಾಯವೂ ಕಡಿಮೆ ಇದ್ದರೆ ನೋಂದಾಯಿತ ಪಾಲುದಾರಿಕೆ ಫರ್ಮು ಸಾಕು. ಆದರೆ ನೋಂದಾಯಿಸಿ. ನೋಂದಣಿ ಇಲ್ಲದ ಫರ್ಮು ಬಾಕಿದಾರನ ಮೇಲೆ ಒಪ್ಪಂದದ ದಾವೆ ಹಾಕುವಂತಿಲ್ಲ. ಉದ್ರಿಯೇ ಪ್ರಧಾನವಾದ ನಮ್ಮ ಮಾರುಕಟ್ಟೆಯಲ್ಲಿ ಇದು ದೊಡ್ಡ ಪೆಟ್ಟು. ಫರ್ಮಿನಲ್ಲಿ ಪ್ರತಿಯೊಬ್ಬ ಪಾಲುದಾರನೂ ಪೂರ್ತಿ ಸಾಲಕ್ಕೆ ಹೊಣೆ, ತನ್ನ ಪಾಲಿನಷ್ಟಕ್ಕೆ ಮಾತ್ರ ಅಲ್ಲ. ಇದು ಭಯವಾದರೆ ಎಲ್‌ಎಲ್‌ಪಿ ಮಾಡಿ. ಅದರಲ್ಲಿ ವ್ಯವಹಾರ ಶೂನ್ಯವಿದ್ದರೂ ಪ್ರತಿ ವರ್ಷ ಮೇ 30ರೊಳಗೆ ಫಾರಂ 11 (ವಾರ್ಷಿಕ ರಿಟರ್ನ್), ಅಕ್ಟೋಬರ್ 30ರೊಳಗೆ ಫಾರಂ 8 (ಲೆಕ್ಕಪತ್ರ) ಹಾಕಲೇಬೇಕು. ಹೊರಗಿನ ಹೂಡಿಕೆದಾರರ ದುಡ್ಡು ಬೇಕೆನ್ನುವವರಿಗೆ ಪ್ರೈವೇಟ್ ಲಿಮಿಟೆಡ್. ಅದಕ್ಕೆ ವಹಿವಾಟು ಎಷ್ಟೇ ಇರಲಿ ಆಡಿಟ್ ಕಡ್ಡಾಯ. ಸ್ಟಾರ್ಟಪ್ ಇಂಡಿಯಾ ಮಾನ್ಯತೆ ಈ ಮೂರಕ್ಕೂ ಸಿಗುತ್ತದೆ, ಒಬ್ಬರೇ ಮಾಲೀಕರಾದ ಪ್ರೊಪ್ರೈಟರ್‌ಶಿಪ್‌ಗೆ ಸಿಗುವುದಿಲ್ಲ. ರಾಜ್ಯದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗೆ ಅನುದಾನವಿದೆ, ಅರ್ಜಿ ಕರೆದಾಗ ಹಾಕಿ ನೋಡಿ. ಅದನ್ನೇ ನಂಬಿ ಆಫೀಸು ಬಾಡಿಗೆಗೆ ಹಿಡಿಯಬೇಡಿ.

ಅರ್ಧ ಅರ್ಧ ಪಾಲಿಗೆ ನಾನು ಒಪ್ಪುವವನಲ್ಲ. ಆದರೂ ಮಾಡುವಿರಾದರೆ, ಯಾವ ವಿಷಯದಲ್ಲಿ ಯಾರ ಮಾತು ಕೊನೆ ಎಂದು ಹಂಚಿಕೊಳ್ಳಿ: ಖರೀದಿ ಮತ್ತು ಉದ್ರಿ ಒಬ್ಬರದು, ಕೆಲಸದವರು ಮತ್ತು ಯಂತ್ರ ಇನ್ನೊಬ್ಬರದು.

ಹಂತ 6: ಕ್ಯೂಆರ್ ಕೋಡ್ ಯಾರ ಖಾತೆಗೆ?

ಸಣ್ಣದೆಂದು ಬಿಟ್ಟದ್ದೇ ಕೊನೆಗೆ ಕುತ್ತಿಗೆಗೆ ಬರುತ್ತದೆ. ಅಂಗಡಿಗೆ ಅಂಟಿಸಿದ ಕ್ಯೂಆರ್ ಕೋಡ್ ಒಬ್ಬನ ಸ್ವಂತ ಉಳಿತಾಯ ಖಾತೆಯದು. ವಾಟ್ಸಾಪ್ ಬಿಸಿನೆಸ್ ನಂಬರು ಇನ್ನೊಬ್ಬನ ಸ್ವಂತ ಸಿಮ್ಮು. ಜಿಎಸ್‌ಟಿ ಪೋರ್ಟಲ್ಲಿನ ಒಟಿಪಿ ಹಳೇ ಅಕೌಂಟೆಂಟಿನ ಮೊಬೈಲಿಗೆ ಹೋಗುತ್ತದೆ. ಇನ್‌ಸ್ಟಾಗ್ರಾಂ ಪುಟದ ಪಾಸ್‌ವರ್ಡು ಕಾಲೇಜು ಓದುವ ತಮ್ಮನಿಗೆ ಮಾತ್ರ ಗೊತ್ತು. ಬೇರೆಯಾಗುವ ದಿನ ಫರ್ಮಿನ ಗಿರಾಕಿಗಳೆಲ್ಲ ಆ ಸಿಮ್ಮಿನೊಳಗೆ ಕೂತಿರುತ್ತಾರೆ.

ಚಾಲ್ತಿ ಖಾತೆ ತೆರೆದ ದಿನವೇ ಕ್ಯೂಆರ್ ಬದಲಾಯಿಸಿ. ಫರ್ಮಿನ ಹೆಸರಲ್ಲಿ ಒಂದು ಸಿಮ್ಮು, ಒಂದು ಇಮೇಲ್ ಮಾಡಿ, ಡೊಮೇನ್, ಗೂಗಲ್ ಮ್ಯಾಪ್ಸ್ ಪಟ್ಟಿ, ಪೋರ್ಟಲ್‌ಗಳು ಎಲ್ಲವನ್ನೂ ಅದಕ್ಕೇ ಜೋಡಿಸಿ. ಬ್ರ್ಯಾಂಡ್ ಹೆಸರಿನ ಟ್ರೇಡ್‌ಮಾರ್ಕ್ ಅರ್ಜಿಯನ್ನು ಫರ್ಮಿನ ಹೆಸರಲ್ಲೇ ಹಾಕಿ.

ಹಂತ 7: ಕೆಲಸದವರು

ನಮ್ಮ ಕಡೆಯ ಸಂಸ್ಥೆಗೆ ಕೆಲಸದವರು ಸಿಗುವುದಿಲ್ಲ ಅನ್ನುವುದು ಅರ್ಧ ಸತ್ಯ. ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ, ರಾಯಚೂರಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ, 2019ರಲ್ಲಿ ಶುರುವಾದ ಐಐಐಟಿ ಇದೆ. ಸಿಗುತ್ತಾರೆ, ನಿಲ್ಲುವುದಿಲ್ಲ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಬೆಂಗಳೂರು. ಅವರನ್ನು ಹಿಡಿದಿಡುವ ಪಂದ್ಯಕ್ಕೆ ಇಳಿಯಬೇಡಿ. ಬೆಂಗಳೂರು ನೋಡಿ, ಅಪ್ಪ-ಅವ್ವನ ಆರೋಗ್ಯಕ್ಕೋ ಮಕ್ಕಳ ಸಲುವಾಗಿಯೋ ಊರಿಗೆ ಮರಳಿದವರನ್ನು ಹುಡುಕಿ. ಮದುವೆಯಾಗಿ ಈ ಊರಿಗೆ ಬಂದ, ಡಿಗ್ರಿ ಇದ್ದೂ ಮನೆಯಲ್ಲಿರುವ ಹೆಣ್ಣುಮಕ್ಕಳನ್ನು ಹುಡುಕಿ. ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರ ಪಾಳಿ ಇಟ್ಟರೆ ಲೆಕ್ಕ, ಗ್ರಾಹಕರ ಕರೆ, ಕ್ಯಾಟಲಾಗ್ ಕೆಲಸಕ್ಕೆ ಇವರಷ್ಟು ನಿಷ್ಠೆಯವರು ಸಿಗುವುದು ಕಷ್ಟ.

ಇನ್ನೊಂದು ಸಂಗತಿ ಹೊರಗಿನವರ ಪುಸ್ತಕಗಳಲ್ಲಿ ಇರುವುದಿಲ್ಲ. ಸಂವಿಧಾನದ 371ಜೆ ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕದವರಿಗೆ ಸರ್ಕಾರಿ ನೌಕರಿಯಲ್ಲಿ ಸ್ಥಳೀಯ ಮೀಸಲಾತಿ ಇದೆ. ಹಾಗಾಗಿ ನಿಮ್ಮ ಅತಿ ಚುರುಕಿನ ಹುಡುಗಿಯೂ ಹುಡುಗನೂ ರಾತ್ರಿ ಪಿಡಿಒ, ಪಿಎಸ್‌ಐ, ಕೆಎಎಸ್‌ಗೆ ಓದುತ್ತಿರುತ್ತಾರೆ. ನಿಮಗೆ ಹೇಳುವುದಿಲ್ಲ, ಪರೀಕ್ಷೆಗೆ ಮುಂಚೆ "ಅಜ್ಜಿಗೆ ಹುಷಾರಿಲ್ಲ ಸರ್" ಅನ್ನುತ್ತಾರೆ. ಸೇರಿಸಿಕೊಳ್ಳುವಾಗಲೇ ಕೇಳಿ, ತಪ್ಪೇನಿಲ್ಲ ಅನ್ನಿ, ಪರೀಕ್ಷೆಗೆ ಮುಂಚೆ ಸಂಬಳವಿಲ್ಲದ ರಜೆ ಕೊಡುತ್ತೇನೆ ಎಂದು ಹೇಳಿ. ಬದಲಿಗೆ ಒಂದು ಷರತ್ತು ಹಾಕಿ: ನಿಮ್ಮ ಕೆಲಸ ಇನ್ನೊಬ್ಬರಿಗೆ ಗೊತ್ತಿರಬೇಕು. ಸತ್ಯ ಹೇಳಿಯೂ ನೌಕರಿ ಉಳಿಯುತ್ತದೆ ಎಂದು ಗೊತ್ತಾದರೆ ಜನ ಸತ್ಯ ಹೇಳುತ್ತಾರೆ.

ಮುಂಗಡದ ವಿಷಯ ಸೂಕ್ಷ್ಮ. ಹೊಲಿಗೆ ಘಟಕದಲ್ಲಿರಲಿ, ಪ್ಯಾಕಿಂಗಿನಲ್ಲಿರಲಿ, ಕೆಲಸಕ್ಕೆ ಬರುವವರು ಮೊದಲು ಮುಂಗಡ ಕೇಳುತ್ತಾರೆ. ಕೊಟ್ಟ ಮಾಲೀಕ "ತೀರುವವರೆಗೆ ಬಿಡುವಂತಿಲ್ಲ" ಅನ್ನುತ್ತಾನೆ. ಮುಂಗಡದ ಹೆಸರಲ್ಲಿ ಮನುಷ್ಯನನ್ನು ಕಟ್ಟಿಹಾಕುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ. ಹಿರೇ ಮಾಲೀಕರೆಲ್ಲ ಹೀಗೇ ಮಾಡಿದ್ದಾರೆ ಅನ್ನುವುದು ಕೋರ್ಟಿನಲ್ಲಿ ಉತ್ತರವಾಗುವುದಿಲ್ಲ. ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು ಮುಂಗಡ ಬೇಡ. ಕಂತು ಬರೆದಿಡಿ. ಬಿಟ್ಟುಹೋದರೆ ಹೋಗಲಿ, ಆ ದುಡ್ಡನ್ನು ವ್ಯಾಪಾರದ ನಷ್ಟವೆಂದು ಬರೆದುಕೊಳ್ಳಿ. ಮಾರ್ಕ್ಸ್‌ಕಾರ್ಡು, ಆಧಾರ್ ಮೂಲ ಪ್ರತಿ ಇಟ್ಟುಕೊಳ್ಳುವ ಚಾಳಿಯೂ ಬೇಡ.

ಕಾನೂನಿನ ಕನಿಷ್ಠ ಲೆಕ್ಕ ಹೀಗಿದೆ. 10 ಜನ ಆದರೆ 21,000 ರೂಪಾಯಿವರೆಗಿನ ಸಂಬಳದವರಿಗೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ). 20 ಜನ ಆದರೆ ಪಿಎಫ್. ನವೆಂಬರ್ 2025ರಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕು. ತಿಂಗಳ ಸಂಬಳದವರಿಗೆ ಮುಂದಿನ ತಿಂಗಳ 7ರೊಳಗೆ ಬಟವಾಡೆ ಆಗಬೇಕು. ವಾರದ ಬಟವಾಡೆಯವರಿಗೆ ಸಂತೆಯ ಹಿಂದಿನ ದಿನ ಕೊಟ್ಟರೆ ಅವರಿಗೆ ಅನುಕೂಲ.

ನೆಂಟರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದಾದರೆ ಒಂದೇ ನಿಯಮ. ನೆಂಟನ ಮೇಲಿನ ಮೇಸ್ತ್ರಿ ನೀವಾಗಿರಬಾರದು, ನಿಮ್ಮ ಪಾಲುದಾರನಾಗಿರಲಿ.

ಹಂತ 8: ಮನೆ

ಸ್ಟಾರ್ಟಪ್ ಮತ್ತು ಸಂಸಾರ ಅಂದಾಗ ಎಲ್ಲರೂ ಸಮಯದ ಮಾತಾಡುತ್ತಾರೆ. ನಾನು ಕಂಡ ಮಟ್ಟಿಗೆ ಮನೆ ಮುರಿಯುವುದು ಸಹಿಯಿಂದ. ಗೊತ್ತಿಲ್ಲದೆ ಮಾಡಿಸಿಕೊಂಡ ಸಹಿ, ಕೇಳದೆ ಇಟ್ಟ ಒಡವೆ, ಹೇಳದೆ ಅಡವಿಟ್ಟ ಪಹಣಿ.

ಮಹಿಳಾ ಉದ್ಯಮಿಗಳ ಯೋಜನೆಗೆಂದು ಹೆಂಡತಿಯ ಹೆಸರನ್ನು ಪಾಲುದಾರಳೆಂದು ಹಾಕುತ್ತಾರೆ. ಅವಳು ಅಂಗಡಿಗೆ ಕಾಲಿಟ್ಟಿರುವುದಿಲ್ಲ. ಫರ್ಮು ಸೋತರೆ ಪೂರ್ತಿ ಸಾಲಕ್ಕೆ ಅವಳೂ ಹೊಣೆ. ಅವಳ ಸಿಬಿಲ್ ಹಾಳಾಗುತ್ತದೆ, ಅವಳ ಹೆಸರಿನ ನಿವೇಶನದ ಮೇಲೆ ಬ್ಯಾಂಕು ಬರುತ್ತದೆ. ಹಾಕುವುದಾದರೆ ತಿಂಗಳ ಲೆಕ್ಕದ ಬೈಠಕ್ಕಿಗೆ ಅವಳೂ ಕೂರಲಿ, ಪಾಲಿನ ದುಡ್ಡು ಅವಳ ಖಾತೆಗೇ ಬೀಳಲಿ. ಹಾಗೆ ಮಾಡಲು ಮನಸ್ಸಿಲ್ಲದಿದ್ದರೆ ಹೆಸರನ್ನೂ ಹಾಕಬೇಡಿ.

ಪಿತ್ರಾರ್ಜಿತ ಹೊಲದ ವಿಷಯದಲ್ಲೂ ಅಷ್ಟೇ. 2005ರ ತಿದ್ದುಪಡಿಯಿಂದ ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಅಕ್ಕ-ತಂಗಿಯರಿಗೆ ತಿಳಿಸದೆ ಅಡವಿಟ್ಟರೆ ವ್ಯಾಪಾರದ ಸಾಲ ಮನೆಯ ವ್ಯಾಜ್ಯವಾಗುತ್ತದೆ.

ಹಾಗಾಗಿ ಶುರು ಮಾಡುವ ಮುಂಚೆ ಒಂದು ರಾತ್ರಿ ಮನೆಯವರ ಜೊತೆ ಕೂತು ಮೂರು ಸಾಲು ಬರೆಯಿರಿ. ಮನೆಯಿಂದ ಹೆಚ್ಚೆಂದರೆ ಇಷ್ಟು ದುಡ್ಡು ಹಾಕುತ್ತೇನೆ. ಇಂಥ ತಿಂಗಳವರೆಗೆ ನೋಡುತ್ತೇನೆ. ಇಂಥ ವಸ್ತು ಏನೇ ಆದರೂ ಅಡವಿಡುವುದಿಲ್ಲ. ಮೂರನೇ ಸಾಲನ್ನು ಹೆಂಡತಿಯೋ ಅವ್ವನೋ ಹೇಳಲಿ, ನೀವು ಬರೆಯಿರಿ. ಇದರ ಜೊತೆ ಆರು ತಿಂಗಳ ಮನೆ ಖರ್ಚು ಬೇರೆ ಖಾತೆಯಲ್ಲಿರಲಿ. ಅದರ ಎಟಿಎಂ ಕಾರ್ಡು ನಿಮ್ಮ ಹತ್ತಿರ ಬೇಡ. ಫರ್ಮಿನಿಂದ ನಿಮಗೂ ಒಂದು ಸಂಬಳ ಗೊತ್ತು ಮಾಡಿ, ಎಷ್ಟು ಸಣ್ಣದಾದರೂ ಸರಿ, ತಿಂಗಳಿಗೆ ಸರಿಯಾಗಿ ಮನೆಗೆ ಹೋಗಲಿ. ಗಲ್ಲಾದಿಂದ ಬೇಕಾದಾಗ ತೆಗೆಯುವ ಪದ್ಧತಿಯಲ್ಲಿ ಲಾಭ ಬಂತೋ ನಷ್ಟವಾಯಿತೋ ಯಾರಿಗೂ ಗೊತ್ತಾಗುವುದಿಲ್ಲ.

ಖಾಸಗಿ ಬಡ್ಡಿಯ ಮಾತಿಗೆ ಒಂದು ಲೆಕ್ಕ ಸಾಕು. "ಮೂರರ ಬಡ್ಡಿ" ಅಂದರೆ ತಿಂಗಳಿಗೆ ನೂರಕ್ಕೆ 3, ವರ್ಷಕ್ಕೆ 36. ಅಷ್ಟು ಲಾಭ ಕೊಡುವ ಧಂದೆ ನಿಮ್ಮದಾಗಿದ್ದರೆ ಸಾಲವೇ ಬೇಕಿರಲಿಲ್ಲ.

ಹಂತ 9: ಕಾಲ, ಬಿಸಿಲು, ನಿದ್ದೆ

ದಿನಕ್ಕೆ ಎಂಟು ತಾಸು ಕೆಲಸ, ಎಂಟು ತಾಸು ಮನೆ ಎಂಬ ಸಮತೋಲನ ನಮ್ಮ ಕಡೆಯ ಧಂದೆಗಳಿಗೆ ಹೊಂದುವುದಿಲ್ಲ. ಇಲ್ಲಿಯ ಕೆಲಸ ತುಂಗಭದ್ರೆಯ ಕಾಲುವೆ ನೀರಿನ ಜೊತೆ ಬರುತ್ತದೆ. ನಾಟಿ ಮತ್ತು ಸಿಂಪಡಣೆಯ ತಿಂಗಳಲ್ಲಿ ಡ್ರೋನಿನವನಿಗೆ ಭಾನುವಾರವೂ ಇಲ್ಲ. ಎರಡನೇ ಬೆಳೆಗೆ ನೀರು ಬಿಡದ ವರ್ಷ ತಿಂಗಳುಗಟ್ಟಲೆ ಕೆಲಸವೇ ಇಲ್ಲ. 2024ರ ಆಗಸ್ಟಿನಲ್ಲಿ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಇಡೀ ಸೀಮೆ ಉಸಿರು ಬಿಗಿಹಿಡಿದದ್ದು ನೆನಪಿರಬೇಕು. ಆದ್ದರಿಂದ ಸಮತೋಲನವನ್ನು ವರ್ಷದ ಲೆಕ್ಕದಲ್ಲಿ ನೋಡಿ. ಉಗಾದಿಗೆ ಹೊಸ ಪಂಚಾಂಗ ತಂದಾಗ ಇಬ್ಬರೂ ಪಾಲುದಾರರು ಕೂತು, ಯಾವ ತಿಂಗಳು ಓಟ, ಯಾವ ತಿಂಗಳು ಬಿಡುವು, ಬಿಡುವಿನಲ್ಲಿ ಯಾರು ಯಾವ ವಾರ ಪೂರ್ತಿ ರಜೆ ಎಂದು ಗುರುತು ಹಾಕಿ. ಜನವರಿಯ ಗವಿಮಠದ ಜಾತ್ರೆ, ಮುದಗಲ್ಲಿನ ಮೊಹರಂ, ಕನಕದುರ್ಗಮ್ಮನ ಸಿಡಿಬಂಡಿ ಬಂದಾಗ ಕೆಲಸದವರು ಬರುವುದಿಲ್ಲ. ಆ ದಿನಗಳಿಗೆ ಡೆಲಿವರಿ ಒಪ್ಪಿಕೊಂಡು ಆಮೇಲೆ ಅವರನ್ನು ಬೈದು ಪ್ರಯೋಜನವಿಲ್ಲ. ಸುಗ್ಗಿಗೂ ಹಾಗೆಯೇ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ಮನೆಗಳಿಂದ ಬರುವವರಿದ್ದರೆ ಅವರನ್ನು ಮೊದಲೇ ಮಾತಾಡಿಸಿ.

ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ ಒಂದೂವರೆಯವರೆಗೆ ನಡೆಯುತ್ತವೆ. ನಿಮ್ಮ ಫರ್ಮಿಗೂ ಅದೇ ವೇಳೆ ಇಡಿ. ಮಧ್ಯಾಹ್ನ ಮಲಗಿ, ಸಂಜೆ 5ಕ್ಕೆ ಮತ್ತೆ ಫೋನು ಹಿಡಿಯಿರಿ. ಮಧ್ಯಾಹ್ನದ ನಿದ್ದೆ ಸೋಮಾರಿತನ ಎಂದು ಹೇಳುವವರು ರಾಯಚೂರಿನ ಮೇ ತಿಂಗಳು ನೋಡಿಲ್ಲ.

ನಿದ್ದೆಯೇ ಬಾರದ ರಾತ್ರಿಗಳು ಸಾಲಾಗಿ ಬಂದರೆ, ಊಟ ಸೇರದಿದ್ದರೆ, ಫೋನು ರಿಂಗಾದರೆ ಎದೆ ಹೊಡೆದುಕೊಂಡರೆ ಅದನ್ನು ಧಂದೆಯ ಚಿಂತೆ ಎಂದು ಹಗುರ ಮಾಡಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಊರಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಪಾಲುದಾರನಲ್ಲಿ ಈ ಲಕ್ಷಣ ಕಂಡರೆ ಆ ವಾರ ಲೆಕ್ಕದ ಮಾತು ಎತ್ತಬೇಡಿ.

ಮುಚ್ಚುವುದಾದರೆ

ಮನೆಯಲ್ಲಿ ಬರೆದ ತಿಂಗಳು ಬಂತು, ದುಡ್ಡಿನ ಮಿತಿ ಮುಗಿಯಿತು ಅಂದರೆ ಮುಚ್ಚಿ. ನಮ್ಮ ಊರುಗಳಲ್ಲಿ ಮುಚ್ಚಿದ್ದಕ್ಕೆ ಹೆಸರು ಕೆಡುವುದಿಲ್ಲ, ಬಾಕಿ ಉಳಿಸಿ ಶಟರ್ ಎಳೆದದ್ದಕ್ಕೆ ಕೆಡುತ್ತದೆ. ಮೊದಲು ಕೆಲಸದವರ ಬಟವಾಡೆ. ಮುಚ್ಚಿದ ಎರಡು ಕೆಲಸದ ದಿನಗಳೊಳಗೆ ಪೂರ್ತಿ ಕೊಡಬೇಕೆಂದು ಈಗ ಕಾನೂನೂ ಇದೆ. ಆಮೇಲೆ ಸಣ್ಣ ಸರಬರಾಜುದಾರರು, ನಂತರ ಬ್ಯಾಂಕಿನ ಜೊತೆ ಮಾತುಕತೆ, ಕೊನೆಗೆ ಪಾಲುದಾರರು. ಜಿಎಸ್‌ಟಿ ನೋಂದಣಿ ರದ್ದು ಮಾಡಿಸಿದ ಮೇಲೆ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಕೊನೆಯ ರಿಟರ್ನ್ ಹಾಕಬೇಕು. ಬಹಳ ಜನ ಇದನ್ನು ಬಿಟ್ಟು ವರ್ಷಗಳ ನಂತರ ನೋಟಿಸು ಹಿಡಿದುಕೊಂಡು ಬರುತ್ತಾರೆ. ಬಿಲ್ಲು, ಲೆಕ್ಕದ ಪುಸ್ತಕ ರದ್ದಿಗೆ ಹಾಕಬೇಡಿ. ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳವರೆಗೆ ಇಡಬೇಕು. ಯಾರ ಮನೆಯಲ್ಲಿ ಇಡುವುದೆಂದು ಅದನ್ನೂ ಡೀಡಿನಲ್ಲೇ ಬರೆದರೆ ಒಳ್ಳೆಯದು.